ಜೀವಕೋಶದ ಬಾಗಿಲಲ್ಲಿ ಉಪಮಾಲಂಕಾರ

ವಿಜ್ಞಾನದ ಪುಸ್ತಕವನ್ನು ಸಾಹಿತ್ಯದ ಪುಟದಲ್ಲಿ ವಿಮರ್ಶೆಗೆ ಎತ್ತಿಕೊಳ್ಳುವವನು ತನಗೆ ಆ ಅಧಿಕಾರ ಎಲ್ಲಿಂದ ಬಂತು ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಪ್ರಯೋಗಶಾಲೆಯಲ್ಲಿ ಕೆಲಸ ಮಾಡಿದವನು ನಾನಲ್ಲ. ಆದರೆ ಉಪಮೆ ಎಲ್ಲಿ ಬೆಳಕು ಕೊಡುತ್ತದೆ, ಎಲ್ಲಿ ಕಣ್ಣಿಗೆ ಮಣ್ಣೆರಚುತ್ತದೆ ಎಂದು ನೋಡುವುದು ಕಾವ್ಯ ಓದುವವನ ನಿತ್ಯದ ಕೆಲಸ. ಎಪಿಜೆನೆಟಿಕ್ಸ್ ಎಂಬ ಹೊಸ ಶಾಸ್ತ್ರವನ್ನು ಸಾಮಾನ್ಯ ವಾಚಕರಿಗೆ ತಿಳಿಸಹೊರಟ ಪುಸ್ತಕಗಳೋ, ಉಪಮೆಯ ಊರುಗೋಲಿಲ್ಲದೆ ಒಂದು ಪುಟವನ್ನೂ ದಾಟಲಾರವು. ಅಂಥವುಗಳಲ್ಲಿ ಎರಡನ್ನು ನಾನು ಈಚೆಗೆ ಒಂದರ ಹಿಂದೆ ಒಂದನ್ನು ಓದಿದೆ. ಒಂದು, ಇಂಗ್ಲೆಂಡಿನ ನೆಸ್ಸಾ ಕ್ಯಾರಿಯವರ ‘ದಿ ಎಪಿಜೆನೆಟಿಕ್ಸ್ ರೆವಲ್ಯೂಷನ್’ (2011). ಇನ್ನೊಂದು, ಸಿದ್ಧಾರ್ಥ ಮುಖರ್ಜಿಯವರ ‘ದಿ ಜೀನ್’ (2016). ಎರಡೂ ಚೆನ್ನಾಗಿ ಬರೆದ ಪುಸ್ತಕಗಳೇ. ಚೆನ್ನಾಗಿ ಬರೆದವಾದ್ದರಿಂದಲೇ ಅವುಗಳ ಉಪಮೆಗಳನ್ನು ಸ್ವಲ್ಪ ನಿಂತು ನೋಡಬೇಕು.

ಮೊದಲು ಪ್ರಶ್ನೆ ಏನೆಂಬುದು ಸ್ಪಷ್ಟವಾಗಲಿ. ನಮ್ಮ ಕಣ್ಣಿನ ಪಾಪೆಯ ಹಿಂದಿರುವ ಕೋಶವೂ ಪಿತ್ತಜನಕಾಂಗದ ಕೋಶವೂ ಒಂದೇ ತತ್ತಿಯಿಂದ ಒಡೆದು ಬಂದವು. ಎರಡರಲ್ಲೂ ಇರುವ ಡಿ.ಎನ್.ಎ. ಒಂದೇ: ಸುಮಾರು 300 ಕೋಟಿ ಅಕ್ಷರಗಳ ಒಂದೇ ಪಾಠ, ಅದರಲ್ಲಿ ಪ್ರೋಟೀನುಗಳನ್ನು ತಯಾರಿಸುವ ಜೀನುಗಳು ಸುಮಾರು 20,000. (ಕೆಂಪು ರಕ್ತಕಣದಂತೆ ಪಾಠವನ್ನೇ ಎಸೆದುಬಿಟ್ಟವೂ, ರೋಗನಿರೋಧಕ ಕೋಶಗಳಂತೆ ಒಂದೆರಡು ಸಾಲುಗಳನ್ನು ಕತ್ತರಿಸಿ ಜೋಡಿಸಿಕೊಂಡವೂ ಇವೆ, ಅವು ಅಪವಾದಗಳು.) ಪಾಠ ಒಂದೇ ಆದಮೇಲೆ ಒಂದು ಕೋಶ ಬೆಳಕನ್ನು ಗ್ರಹಿಸುವುದೇಕೆ, ಇನ್ನೊಂದು ಪಿತ್ತರಸವನ್ನು ಸುರಿಸುವುದೇಕೆ? ಅದಕ್ಕಿಂತ ದೊಡ್ಡ ಸೋಜಿಗವೆಂದರೆ, ಪಿತ್ತಜನಕಾಂಗದ ಕೋಶ ಒಡೆದು ಎರಡಾದಾಗ ಎರಡೂ ಪಿತ್ತಜನಕಾಂಗದ ಕೋಶಗಳೇ ಆಗಿರುತ್ತವೆ. ಒಂದು ಹೋಗಿ ಕಣ್ಣಾಗುವುದಿಲ್ಲ. ತಾನು ಯಾರೆಂಬುದನ್ನು ಕೋಶ ಮರೆಯುವುದಿಲ್ಲ. ಈ ಮರೆಯದಿರುವಿಕೆಯ ವಿಚಾರವೇ ಎಪಿಜೆನೆಟಿಕ್ಸ್.

‘ಎಪಿ’ ಎಂದರೆ ಗ್ರೀಕಿನಲ್ಲಿ ‘ಮೇಲೆ’. ಆದ್ದರಿಂದ ಜೀನುಗಳ ಮೇಲಿನ ಶಾಸ್ತ್ರ, ಅಂದರೆ ಡಿ.ಎನ್.ಎ.ಯ ಮೇಲೆ ಅಂಟಿಕೊಂಡ ಗುರುತುಗಳ ಶಾಸ್ತ್ರ ಎಂದು ಇಂದಿನವರು ಅರ್ಥ ಹೇಳುತ್ತಾರೆ. ಮಾತು ಹುಟ್ಟಿದ್ದು ಹಾಗಲ್ಲ. ಕೋಳಿಮೊಟ್ಟೆಯನ್ನು ದಿನಕ್ಕೊಂದರಂತೆ ಒಡೆದು ನೋಡಿದ ಅರಿಸ್ಟಾಟಲನಿಗೆ, ಮರಿಯ ಅಂಗಗಳು ಮೊದಲೇ ಸಣ್ಣ ರೂಪದಲ್ಲಿ ಇರದೆ ಒಂದಾದ ಮೇಲೊಂದು ಮೂಡುತ್ತವೆ ಎಂದು ಕಂಡಿತು. ಆ ಮತಕ್ಕೆ ಮುಂದೆ ‘ಎಪಿಜೆನೆಸಿಸ್’ ಎಂಬ ಹೆಸರು ನಿಂತಿತು. ಬ್ರಿಟನ್ನಿನ ಕಾನ್ರಾಡ್ ವ್ಯಾಡಿಂಗ್ಟನ್ 1942ರಲ್ಲಿ ಆ ಹಳೆಯ ಮಾತನ್ನೂ ‘ಜೆನೆಟಿಕ್ಸ್’ ಎಂಬ ಹೊಸ ಮಾತನ್ನೂ ಕೂಡಿಸಿ ಈ ಪದವನ್ನು ಟಂಕಿಸಿದ. ಡಿ.ಎನ್.ಎ.ಯ ರಚನೆ ಗೊತ್ತಾದದ್ದು 1953ರಲ್ಲಿ; ಗುರುತುಗಳ ಮಾತು ಅವನ ಮುಂದೆ ಇರಲೇ ಇಲ್ಲ. ಅವನು ಕೇಳಿದ್ದು, ಜೀನುಗಳೆಲ್ಲ ಕೂಡಿ ಒಂದು ದೇಹವನ್ನು ಮೂಡಿಸುವ ಬಗೆ ಯಾವುದು ಎಂದು. ‘ಮೂಡುವುದು’ ಎಂಬ ಕ್ರಿಯಾಪದದಲ್ಲಿ ಹುಟ್ಟಿದ ಶಾಸ್ತ್ರ ‘ಮೇಲಿನ ಗುರುತು’ ಎಂಬ ನಾಮಪದಕ್ಕೆ ಇಳಿದಿದೆ. ಇದನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಗೊಂದಲಗಳಲ್ಲಿ ಅರ್ಧ ತಾನಾಗಿ ಬಿಡಿಸಿಕೊಳ್ಳುತ್ತದೆ.

ಈಗ ಕ್ಯಾರಿಯವರ ಉಪಮೆಗೆ ಬರೋಣ. ಡಿ.ಎನ್.ಎ.ಯನ್ನು ಅಚ್ಚೆಂದು ಭಾವಿಸಬೇಡಿ, ನಾಟಕದ ಪ್ರತಿಯೆಂದು ಭಾವಿಸಿ ಎನ್ನುತ್ತಾರೆ ಅವರು. ಶೇಕ್ಸ್‌ಪಿಯರನ ‘ರೋಮಿಯೋ ಅಂಡ್ ಜೂಲಿಯೆಟ್’ ನಾಟಕವನ್ನು 1936ರಲ್ಲಿ ಜಾರ್ಜ್ ಕ್ಯೂಕರ್ ಚಿತ್ರವಾಗಿ ತೆಗೆದ. 1996ರಲ್ಲಿ ಬಾಜ್ ಲರ್ಮನ್ ತೆಗೆದ. ಮೂಲ ಒಂದೇ, ಎರಡು ಚಿತ್ರಗಳಿಗೂ ಅಜಗಜಾಂತರ. ಅದರಂತೆಯೇ ಕೋಶಗಳು. ಉಪಮೆ ಸೊಗಸಾಗಿದೆ, ನೆನಪಿನಲ್ಲಿಯೂ ನಿಲ್ಲುತ್ತದೆ. ಆದರೆ ಚಲನಚಿತ್ರಕ್ಕೆ ಒಬ್ಬ ನಿರ್ದೇಶಕನಿದ್ದಾನೆ. ಯಾವ ಸಾಲನ್ನು ಬಿಡಬೇಕು, ಯಾವುದನ್ನು ಮೆರೆಸಬೇಕು ಎಂಬುದನ್ನು ಹೊರಗೆ ನಿಂತು ತೀರ್ಮಾನಿಸುವವನು ಅವನು. ಕೋಶದಲ್ಲಿ ಆ ಕುರ್ಚಿಯಲ್ಲಿ ಕೂತವರು ಯಾರು? ಯಾರೂ ಇಲ್ಲ. ಜೀನು ಪ್ರೋಟೀನನ್ನು ತಯಾರಿಸುತ್ತದೆ. ಆ ಪ್ರೋಟೀನು ಬಂದು ಇನ್ನೊಂದು ಜೀನನ್ನು ಎಬ್ಬಿಸುತ್ತದೆ ಇಲ್ಲವೆ ಮಲಗಿಸುತ್ತದೆ. ಅದರ ಫಲ ಮತ್ತೊಂದರ ಮೇಲೆ. ನಮ್ಮ ತಾಳಮದ್ದಲೆ ಇದಕ್ಕೆ ಹೆಚ್ಚು ಹತ್ತಿರವೆಂದು ನನಗೆ ತೋರುತ್ತದೆ. ಪ್ರಸಂಗದ ಪದ್ಯ ಅದೇ. ಅರ್ಥಧಾರಿ ಏನು ಹೇಳುತ್ತಾನೆಂಬುದು ಮಾತ್ರ ಎದುರಿಗೆ ಕೂತ ಅರ್ಥಧಾರಿ ಆಗತಾನೆ ಏನು ಹೇಳಿದನೆಂಬುದರ ಮೇಲೆ ನಿಂತಿದೆ. ಕರ್ಣನಿಗೆ ಎದುರಾಳಿ ಬದಲಾದರೆ ಕರ್ಣನೇ ಬದಲಾಗುತ್ತಾನೆ. ಭಾಗವತರಿದ್ದಾರಲ್ಲ, ಅವರು ನಿರ್ದೇಶಕರೇ ಅಲ್ಲವೇ ಎಂದು ಯಾರಾದರೂ ಕೇಳಿದರೆ, ನನ್ನ ಉಪಮೆಯೂ ಅಲ್ಲಿಗೆ ಮುಗಿಯಿತು. ಪೂರ್ತಿ ದಾರಿ ಬರುವ ಉಪಮೆ ಎಲ್ಲಿಯೂ ಇಲ್ಲ.

ಗುರುತುಗಳ ವಿಷಯಕ್ಕೆ ಬಂದರೆ, ನಮ್ಮ ಹಳೆಯ ಹಸ್ತಪ್ರತಿಗಳನ್ನು ನೆನೆಯುವುದು ಉಪಯುಕ್ತ. ಒಂದು ಕೋಶದ ಡಿ.ಎನ್.ಎ.ಯನ್ನು ಎಳೆದು ಚಾಚಿದರೆ ಸುಮಾರು ಎರಡು ಮೀಟರು ಉದ್ದ; ಅದು ಅಡಗಿರುವ ಕೋಶಕೇಂದ್ರದ ಅಗಲ ಒಂದು ಮಿಲಿಮೀಟರಿನ ನೂರರಲ್ಲಿ ಒಂದು ಪಾಲಿಗಿಂತಲೂ ಕಡಮೆ. ಸುತ್ತಿಡದೆ ಅದು ಅಲ್ಲಿ ಹಿಡಿಸುವುದು ಸಾಧ್ಯವೇ ಇಲ್ಲ. ಹಿಸ್ಟೋನ್ ಎಂಬ ಪ್ರೋಟೀನುಗಳು ಎಂಟೆಂಟು ಸೇರಿ ಉಂಡೆಯಾಗುತ್ತವೆ. ಪ್ರತಿ ಉಂಡೆಗೂ ಡಿ.ಎನ್.ಎ.ಯ ಎಳೆ 147 ಅಕ್ಷರಜೋಡಿಗಳಷ್ಟು ಉದ್ದ ಸುತ್ತಿಕೊಳ್ಳುತ್ತದೆ. ಹಲಗೆಗಳ ನಡುವೆ ಬಿಗಿದು ದಾರ ಸುತ್ತಿದ ಓಲೆಗರಿಯ ಕಟ್ಟನ್ನು ಕಂಡವರಿಗೆ ಇದು ಥಟ್ಟನೆ ತಿಳಿಯುತ್ತದೆ. ಕಟ್ಟಿನೊಳಗೆ ಎಲ್ಲ ಅಕ್ಷರಗಳೂ ಇವೆ. ದಾರ ಬಿಚ್ಚುವ ತನಕ ಒಂದನ್ನೂ ಓದಲಾಗದು. ಹಿಸ್ಟೋನಿನ ಬಾಲಕ್ಕೆ ಅಸಿಟೈಲ್ ಎಂಬ ಸಣ್ಣ ರಾಸಾಯನಿಕ ಗುಂಪು ಅಂಟಿದರೆ ಹಿಡಿತ ಸಡಿಲವಾಗುತ್ತದೆ, ಏಕೆಂದರೆ ಡಿ.ಎನ್.ಎ.ಯದು ಋಣವಿದ್ಯುತ್ತು, ಬಾಲದ್ದು ಧನವಿದ್ಯುತ್ತು, ಅಸಿಟೈಲ್ ಬಂದು ಆ ಧನವನ್ನು ಕಡಮೆ ಮಾಡುತ್ತದೆ. ಅಮೆರಿಕದ ಡೇವಿಡ್ ಆಲಿಸ್ ಮತ್ತು ಸಂಗಡಿಗರು 1996ರಲ್ಲಿ, ಈ ಅಸಿಟೈಲನ್ನು ಅಂಟಿಸುವ ಕಿಣ್ವವನ್ನು ಟೆಟ್ರಾಹೈಮಿನಾ ಎಂಬ ಒಂಟಿಕೋಶದ ಜೀವಿಯಲ್ಲಿ ಗುರುತಿಸಿ, ಜೀನು ಎಚ್ಚರಗೊಳ್ಳುವುದಕ್ಕೂ ಅದಕ್ಕೂ ಇರುವ ನಂಟನ್ನು ತೋರಿಸಿಕೊಟ್ಟರು.

ಎರಡನೆಯ ಗುರುತು ಡಿ.ಎನ್.ಎ.ಯ ಅಕ್ಷರಕ್ಕೇ ಅಂಟುವಂಥದು. ‘ಸಿ’ ಎಂಬ ಅಕ್ಷರದ ಮುಂದೆ ‘ಜಿ’ ಬಂದಲ್ಲಿ, ಆ ‘ಸಿ’ಯ ಮೇಲೆ ಮಿಥೈಲ್ ಎಂಬ ಗುಂಪು ಕೂರುತ್ತದೆ. ಅಕ್ಷರ ಬದಲಾಗುವುದಿಲ್ಲ, ಆದರೆ ಜೀನಿನ ಆರಂಭದಲ್ಲಿ ಇಂಥ ಗುರುತುಗಳು ದಟ್ಟವಾಗಿ ಬಿದ್ದರೆ ಆ ಜೀನು ಸಾಮಾನ್ಯವಾಗಿ ಮೌನವಾಗಿರುತ್ತದೆ. ಕೋಶ ಒಡೆಯುವಾಗ ಈ ಗುರುತು ಉಳಿದುಬರುವುದು ಹೇಗೆ? ಇಲ್ಲಿದೆ ನಿಜವಾದ ಚಮತ್ಕಾರ. ಡಿ.ಎನ್.ಎ.ಯ ಎರಡು ಎಳೆಗಳಲ್ಲಿ ‘ಸಿ’ಯ ಎದುರಿಗೆ ಯಾವಾಗಲೂ ‘ಜಿ’, ‘ಜಿ’ಯ ಎದುರಿಗೆ ‘ಸಿ’; ಎದುರಿನ ಎಳೆಯನ್ನು ಓದುವ ದಿಕ್ಕು ತಿರುಗುಮುರುಗು. ಹಾಗಾಗಿ ‘ಸಿಜಿ’ ಎಂಬುದರ ಎದುರಿಗೂ ‘ಸಿಜಿ’ಯೇ ಬರುತ್ತದೆ. ‘ವಿಕಟಕವಿ’ ಎಂಬುದನ್ನು ಹಿಂದುಮುಂದಾಗಿ ಓದಿ ನಗುವ ಮಕ್ಕಳಿಗೂ ಈ ವಿಷಯವನ್ನು ವಿವರಿಸಬಹುದು. ಪ್ರತಿ ತೆಗೆದಾಗ ಹಳೆಯ ಎಳೆಯಲ್ಲಿ ಗುರುತಿರುತ್ತದೆ, ಹೊಸ ಎಳೆಯಲ್ಲಿ ಇರುವುದಿಲ್ಲ. ಒಂದು ಕಿಣ್ವ ಈ ಅರೆಗುರುತನ್ನು ಕಂಡು ಎದುರಿನ ‘ಸಿ’ಗೂ ಮಿಥೈಲನ್ನು ಅಂಟಿಸುತ್ತದೆ. ಇಂಥದೊಂದು ಏರ್ಪಾಡು ಇರಬೇಕೆಂದು 1975ರಲ್ಲಿ ಆರ್ಥರ್ ರಿಗ್ಸ್ ಒಂದು ಕಡೆ, ರಾಬಿನ್ ಹಾಲಿಡೇ ಮತ್ತು ಜಾನ್ ಪ್ಯೂ ಇನ್ನೊಂದು ಕಡೆ, ಪರಸ್ಪರ ಅರಿಯದೆ ಊಹಿಸಿದರು.

ಇದೆಲ್ಲ ಒಣಶಾಸ್ತ್ರವೆಂದು ಬೇಸರಪಡುವವರಿಗೆ ಒಂದು ಬೆಕ್ಕಿನ ಕಥೆಯಿದೆ. ಹೆಣ್ಣು ಸಸ್ತನಿಗೆ ಎಕ್ಸ್ ವರ್ಣತಂತುಗಳು ಎರಡು. ಪ್ರತಿ ಕೋಶದಲ್ಲೂ ಅವುಗಳಲ್ಲೊಂದು ಬಾಯಿ ಮುಚ್ಚಿಕೊಂಡಿರುತ್ತದೆ ಎಂದು ಬ್ರಿಟನ್ನಿನ ಮೇರಿ ಲಯನ್ 1961ರಲ್ಲಿ ಇಲಿಗಳನ್ನು ನೋಡಿ ಹೇಳಿದರು. ಯಾವುದು ಮುಚ್ಚಬೇಕೆಂಬುದು ಭ್ರೂಣ ಎಳೆಯದಿರುವಾಗ ಕವಡೆ ಎಸೆದಂತೆ ತೀರ್ಮಾನವಾಗುತ್ತದೆ; ಆಮೇಲೆ ಆ ಕೋಶದ ಸಂತತಿಯೆಲ್ಲ ಅದೇ ತೀರ್ಮಾನಕ್ಕೆ ಬದ್ಧ. ಬೆಕ್ಕಿನ ಕಿತ್ತಳೆ ಬಣ್ಣದ ಜೀನು ಎಕ್ಸ್‌ನಲ್ಲಿದೆ. ಆದ್ದರಿಂದಲೇ ಕಪ್ಪು, ಕಿತ್ತಳೆ ತೇಪೆಗಳ ಬೆಕ್ಕು ಸಾಮಾನ್ಯವಾಗಿ ಹೆಣ್ಣು. ಅಂಥ ತೇಪೆಬೆಕ್ಕೊಂದರ ಕೋಶದಿಂದ ಟೆಕ್ಸಸ್ಸಿನ ವಿಜ್ಞಾನಿಗಳು 2001ರ ಡಿಸೆಂಬರಿನಲ್ಲಿ ಅದರದೇ ಪಡಿಯಚ್ಚಾದ ಮರಿಯೊಂದನ್ನು ಹುಟ್ಟಿಸಿದರು. ಹೆಸರು ಸಿಸಿ. ಅಕ್ಷರಕ್ಕೆ ಅಕ್ಷರ ಒಂದೇ ಪಾಠ. ಆದರೆ ಮರಿಯ ಮೈಮೇಲೆ ಕಿತ್ತಳೆಯ ಒಂದು ಚುಕ್ಕೆಯೂ ಇಲ್ಲ! ಮೂಲಕೋಶದಲ್ಲಿ ಕಿತ್ತಳೆಯ ಎಕ್ಸ್ ಮೌನವಾಗಿತ್ತು; ಆ ಮೌನ ಹಾಗೆಯೇ ಮುಂದುವರಿಯಿತು. ಸಿಸಿ 2020ರವರೆಗೆ ಬಾಳಿತು. ಅಚ್ಚು ಎಂಬ ಹಳೆಯ ಉಪಮೆಯನ್ನು ಒಡೆಯುವುದಕ್ಕೆ ಇಷ್ಟು ಸಾಕು, ಶೇಕ್ಸ್‌ಪಿಯರನನ್ನು ಕರೆಯಬೇಕಾಗಿಲ್ಲ.

ಇಲ್ಲಿಂದ ನನ್ನ ತಕರಾರು ಶುರುವಾಗುತ್ತದೆ. ಉಪಮೇಯ, ಉಪಮಾನ, ಸಮಾನಧರ್ಮ, ಉಪಮಾವಾಚಕ, ಈ ನಾಲ್ಕೂ ಇದ್ದರೆ ಪೂರ್ಣೋಪಮೆ ಎಂದು ನಾವೆಲ್ಲ ಶಾಲೆಯಲ್ಲಿ ಉರುಹೊಡೆದವರೇ. ‘ಅಂತೆ’, ‘ಹಾಗೆ’ ಎಂಬ ವಾಚಕ ಬಿದ್ದುಹೋಗಿ ಎರಡೂ ಒಂದೇ ಎಂದರೆ ರೂಪಕ. ಉಪಮಾನವು ಉಪಮೇಯವನ್ನೇ ನುಂಗಿ ತಾನೊಂದೇ ನಿಂತರೆ ಅತಿಶಯೋಕ್ತಿ. ಎಪಿಜೆನೆಟಿಕ್ಸಿನ ಜನಪ್ರಿಯ ಬರವಣಿಗೆಯಲ್ಲಿ ಈ ಮೂರೂ ಇದೇ ಕ್ರಮದಲ್ಲಿ ಬರುವುದನ್ನು ಕಾಣಬಹುದು. ಮೊದಲ ಅಧ್ಯಾಯದಲ್ಲಿ ಮಿಥೈಲು ಅಂಚಿನ ಟಿಪ್ಪಣಿಯ ಹಾಗೆ. ಐದನೆಯದರಲ್ಲಿ ಮಿಥೈಲೇ ಟಿಪ್ಪಣಿ. ಹತ್ತನೆಯದರಲ್ಲಿ ಮಿಥೈಲಿನ ಸುದ್ದಿಯೇ ಇಲ್ಲ, ಅಜ್ಜಿಯ ದುಃಖ ಮೊಮ್ಮಗಳ ಜೀನಿನಲ್ಲಿ ಬರೆದಿದೆ ಎಂಬ ವಾಕ್ಯ ಮಾತ್ರ ಉಳಿದಿರುತ್ತದೆ. ಕಾವ್ಯದಲ್ಲಿ ಈ ಏರಿಕೆ ಗುಣ. ವಿವರಣೆಯಲ್ಲಿ ಅದು ಪ್ರಮಾಣವಿಲ್ಲದೆ ಪ್ರಮೇಯವನ್ನು ಮಾರುವ ವ್ಯಾಪಾರ.

ತಪ್ಪು ಬರಿಯ ಜನಪ್ರಿಯ ಲೇಖಕರದೆನ್ನುವಂತೆಯೂ ಇಲ್ಲ. ಪ್ರಯೋಗಶಾಲೆಯವರ ಮಾತೇ ಸಾಹಿತ್ಯದಿಂದ ಸಾಲ ತಂದದ್ದು. ಗುರುತುಗಳನ್ನು ಹಾಕುವ ಕಿಣ್ವಗಳಿಗೆ ಅವರು ‘ಬರೆಯುವವರು’ ಎನ್ನುತ್ತಾರೆ, ತೆಗೆಯುವವು ‘ಅಳಿಸುವವರು’, ಗುರುತನ್ನು ಹಿಡಿದು ಕೂರುವ ಪ್ರೋಟೀನುಗಳು ‘ಓದುವವರು’. 2000ದಲ್ಲಿ ಬ್ರಯನ್ ಸ್ಟ್ರಾಲ್ ಮತ್ತು ಆಲಿಸ್ ಇದಕ್ಕೆ ‘ಹಿಸ್ಟೋನ್ ಸಂಕೇತಲಿಪಿ’ ಎಂಬ ದೊಡ್ಡ ಹೆಸರನ್ನೇ ಇಟ್ಟರು. ಬರೆಯುವವನಿದ್ದಾನೆ ಎಂದಮೇಲೆ ಏನನ್ನು ಬರೆಯಬೇಕೆಂದು ಅವನಿಗೆ ತಿಳಿದಿದೆ ಎಂದು ಓದುಗ ತಿಳಿಯುವುದು ಸಹಜ. ಆದರೆ ಈ ಕಿಣ್ವಗಳಲ್ಲಿ ಹೆಚ್ಚಿನವಕ್ಕೆ, 20,000 ಜೀನುಗಳಲ್ಲಿ ಯಾವುದರ ಮುಂದೆ ನಿಲ್ಲಬೇಕೆಂಬುದು ತಾವಾಗಿ ತಿಳಿಯದು. ಅವನ್ನು ಕೈಹಿಡಿದು ಕರೆತರುವವು ಬೇರೆ: ಡಿ.ಎನ್.ಎ.ಯ ನಿರ್ದಿಷ್ಟ ಅಕ್ಷರಸಾಲುಗಳನ್ನು ಗುರುತಿಸಿ ಅಲ್ಲಿಯೇ ಹೋಗಿ ಕೂರುವ ಪ್ರೋಟೀನುಗಳು. ಇಂಥ ನಿಯಾಮಕಗಳ ವಿಚಾರವನ್ನು ಫ್ರಾನ್ಸಿನ ಜಾಕಬ್ ಮತ್ತು ಮಾನೋ 1961ರಲ್ಲಿಯೇ ತೆರೆದಿಟ್ಟಿದ್ದರು. ಹಾಲಿನ ಸಕ್ಕರೆ ಸಿಕ್ಕಾಗ ಮಾತ್ರ ಅದನ್ನು ಜೀರ್ಣಿಸುವ ಜೀನನ್ನು ಎಚ್ಚರಿಸುವ ಬ್ಯಾಕ್ಟೀರಿಯ ಅವರ ಪ್ರಯೋಗಪಶು. ಅದಕ್ಕೆ ಹಿಸ್ಟೋನಿನ ಉಂಡೆಗಳೇ ಇಲ್ಲ.

2016ರ ಗಲಾಟೆ ಎದ್ದದ್ದು ಇದೇ ಕಾರಣಕ್ಕೆ. ಮುಖರ್ಜಿಯವರ ಪುಸ್ತಕದ ಒಂದು ಭಾಗ ಆ ವರ್ಷದ ಮೇ ತಿಂಗಳಲ್ಲಿ ‘ದಿ ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಲೇಖನವಾಗಿ ಬಂತು. ತಮ್ಮ ತಾಯಿ ಮತ್ತು ಅವರ ಅವಳಿ ಸೋದರಿ, ಒಂದೇ ಪಾಠದ ಎರಡು ಜೀವಗಳು, ಹೇಗೆ ಬೇರೆಬೇರೆಯಾದರು ಎಂಬಲ್ಲಿಂದ ಹೊರಟ ಬರವಣಿಗೆ ಅದು. ಆ ಭಾಗದ ಗದ್ಯ ನನಗೆ ಪ್ರಿಯವಾದದ್ದು. ತಾಯಿಯ ವಿಷಯ ಬರೆಯುವಾಗ ವೈದ್ಯನ ಕೈ ಹಗುರಾಗುವುದನ್ನು ನೋಡುವುದೇ ಒಂದು ಸುಖ. ಆದರೆ ಮಾರ್ಕ್ ಟಾಷ್ನಿ, ಸ್ಟೀವನ್ ಹೆನಿಕಾಫ್ ಮೊದಲಾದ ಹಿರಿಯ ವಿಜ್ಞಾನಿಗಳು ತಿರುಗಿಬಿದ್ದರು. ಜೀನುಗಳನ್ನು ಆಳುವ ನಿಯಾಮಕ ಪ್ರೋಟೀನುಗಳ ಮಾತನ್ನೇ ಎತ್ತದೆ, ಎಲ್ಲವನ್ನೂ ಹಿಸ್ಟೋನಿನ ಗುರುತುಗಳ ತಲೆಗೆ ಕಟ್ಟಿದ್ದಾರೆ ಎಂಬುದು ಅವರ ಆಕ್ಷೇಪ. ಮುಖ್ಯವಾದ ಸಂಗತಿಗಳನ್ನು ಬಿಟ್ಟದ್ದು ತಪ್ಪಾಯಿತೆಂದೂ ದಾರಿ ತಪ್ಪಿಸುವ ಉದ್ದೇಶ ತಮಗಿರಲಿಲ್ಲವೆಂದೂ ಮುಖರ್ಜಿ ಹೇಳಿದರು. ಅವರ ಮಾತನ್ನು ನಾನು ನಂಬುತ್ತೇನೆ. ನನಗೆ ತೋರುವ ಮಟ್ಟಿಗೆ, ಅವರನ್ನು ಎಳೆದೊಯ್ದದ್ದು ಉಪಮೆ. ನೆನಪು, ಗಾಯ, ಕಲೆ ಎಂಬ ಮಾತುಗಳ ಜೊತೆ ‘ಗುರುತು’ ಎಂಬುದು ಎಷ್ಟು ಹೊಂದಿಕೊಂಡು ಬರುತ್ತದೆ! ಪ್ರೋಟೀನೊಂದು ಅಕ್ಷರಸಾಲಿನ ಮೇಲೆ ಕೂತು ಏಳುತ್ತದೆ ಎಂಬುದರಲ್ಲಿ ಅವಳಿ ಸೋದರಿಯರ ಕಥೆಗೆ ಒದಗುವ ಕಾರುಣ್ಯ ಎಲ್ಲಿದೆ? ಚೆನ್ನಾಗಿ ಬರೆಯುವವನಿಗೆ ಇರುವ ಅಪಾಯವೇ ಇದು. ಕೆಟ್ಟದಾಗಿ ಬರೆಯುವವನಿಗೆ ಇದು ಒದಗುವುದೇ ಇಲ್ಲ.

ಇವರಿಬ್ಬರಿಗಿಂತ ಹಿಂದಿನ ವ್ಯಾಡಿಂಗ್ಟನ್ ಉಪಮೆಯ ವಿಷಯದಲ್ಲಿ ಹೆಚ್ಚು ಎಚ್ಚರದವನು. ಅವನು ಚಿತ್ರಕಲೆಯ ಪ್ರೇಮಿ. 1969ರಲ್ಲಿ ಆಧುನಿಕ ಚಿತ್ರಕಲೆಗೂ ವಿಜ್ಞಾನಕ್ಕೂ ಇರುವ ಸಂಬಂಧದ ಮೇಲೆ ಒಂದು ದೊಡ್ಡ ಗ್ರಂಥವನ್ನೇ ಹೊರತಂದವನು. 1940ರ ತನ್ನ ಪುಸ್ತಕದ ಮುಖಚಿತ್ರಕ್ಕೆ ಅವನು ಜಾನ್ ಪೈಪರ್ ಎಂಬ ಕಲಾವಿದನಿಂದ ಕಣಿವೆಯಲ್ಲಿ ಹರಿಯುವ ಹೊಳೆಯೊಂದನ್ನು ಬರೆಸಿದ. 1957ರ ‘ದಿ ಸ್ಟ್ರಾಟಜಿ ಆಫ್ ದಿ ಜೀನ್ಸ್’ ಎಂಬುದರಲ್ಲಿ ಅದೇ ಕಲ್ಪನೆ ಬೇರೆ ರೂಪ ತಾಳಿತು: ಇಳಿಜಾರು, ಅದರಲ್ಲಿ ಕವಲೊಡೆಯುತ್ತ ಹೋಗುವ ಕಣಿವೆಗಳು, ಮೇಲೆ ಉರುಳಲು ನಿಂತ ಒಂದು ಗುಂಡು. ಗುಂಡು ಕೋಶ, ಇಳಿದಂತೆಲ್ಲ ಒಂದೊಂದು ಕವಲಿನಲ್ಲಿ ಒಂದೊಂದು ದಾರಿ ಹಿಡಿಯುತ್ತದೆ, ಕೊನೆಗೆ ಮುಟ್ಟಿದ ಕಣಿವೆಯೇ ಅದರ ವೃತ್ತಿ. ಈ ಚಿತ್ರ ಎಲ್ಲ ಪಠ್ಯಪುಸ್ತಕಗಳಿಗೂ ಹೋಯಿತು. ಆದರೆ ಅದೇ ಪುಸ್ತಕದಲ್ಲಿ ಜೊತೆಗಿರುವ ಚಿತ್ರವನ್ನು ನೋಡಿದವರು ಕಡಮೆ. ಅದು ಬೆಟ್ಟದ ಅಡಿಯ ನೋಟ. ನೆಲವೆಂದು ತಿಳಿದದ್ದು ನೆಲವಲ್ಲ, ಡೇರೆಯ ಬಟ್ಟೆಯಂತೆ ಎಳೆದು ಕಟ್ಟಿದ ಹಾಸು. ಕೆಳಗೆ ಗೂಟಗಳು, ಗೂಟಗಳಿಂದ ಹಾಸಿಗೆ ಹೋದ ಹಗ್ಗಗಳು, ಹಗ್ಗಗಳು ಒಂದಕ್ಕೊಂದು ಹೆಣೆದುಕೊಂಡು ಹೋಗಿವೆ. ಗೂಟಗಳು ಜೀನುಗಳು. ಯಾವ ಕಣಿವೆಯೂ ಒಂದು ಗೂಟದ ಕೆಲಸವಲ್ಲ. ಒಂದು ಗೂಟ ಕಿತ್ತರೆ ಯಾವ ಕಣಿವೆ ಏನಾಗುವುದೆಂದು ಹೇಳಬೇಕಾದರೆ ಉಳಿದ ಹಗ್ಗಗಳನ್ನೆಲ್ಲ ನೋಡಬೇಕು. ಮೊದಲ ಚಿತ್ರದಲ್ಲಿ ಉಪಮೆ ಕಟ್ಟಿ, ಎರಡನೆಯದರಲ್ಲಿ ಅದರ ಒಳಗನ್ನು ತಾನೇ ಬಿಚ್ಚಿ ತೋರಿಸಿದ ಲೇಖಕರು ನನಗೆ ಹೆಚ್ಚು ಗೊತ್ತಿಲ್ಲ.

ಇಳಿದ ಗುಂಡು ಮತ್ತೆ ಮೇಲೇರಬಲ್ಲುದೇ ಎಂಬ ಪ್ರಶ್ನೆಗೂ ಈ ಚಿತ್ರದಲ್ಲಿಯೇ ಎಡೆಯಿದೆ. ಜಾನ್ ಗರ್ಡನ್ 1962ರಲ್ಲಿ ಕಪ್ಪೆಮರಿಯ ಕರುಳಿನ ಕೋಶಕೇಂದ್ರವನ್ನು ತೆಗೆದು, ಕೇಂದ್ರ ಕಳೆದ ತತ್ತಿಯಲ್ಲಿಟ್ಟು ಹೊಸ ಕಪ್ಪೆಯನ್ನು ಬೆಳೆಸಿದ್ದನ್ನು ಪ್ರಕಟಿಸಿದ. ಜಪಾನಿನ ಶಿನ್ಯಾ ಯಾಮಾನಾಕಾ 2006ರಲ್ಲಿ, ಇಲಿಯ ಚರ್ಮದ ಕೋಶಕ್ಕೆ ನಾಲ್ಕೇ ನಾಲ್ಕು ಜೀನುಗಳನ್ನು ಸೇರಿಸಿ ಅದನ್ನು ಬೆಟ್ಟದ ತುದಿಗೆ ಹತ್ತಿಸಿದರು. 2012ರ ನೊಬೆಲ್ ಬಹುಮಾನ ಇಬ್ಬರಿಗೂ ಸಂದಿತು. ಆ ನಾಲ್ಕು ಜೀನುಗಳು ತಯಾರಿಸುವುದು ಯಾವುದನ್ನು ಎಂದು ವಾಚಕರು ಗಮನಿಸಬೇಕು: ಗುರುತು ಅಳಿಸುವ ಕಿಣ್ವಗಳನ್ನಲ್ಲ, ಮೇಲೆ ಹೇಳಿದ ನಿಯಾಮಕ ಪ್ರೋಟೀನುಗಳನ್ನು. ಅವು ಬಂದು ಕೂತವು, ಗುರುತುಗಳು ನಿಧಾನವಾಗಿ ಅವುಗಳ ಹಿಂದೆ ಬದಲಾದವು. ಟಾಷ್ನಿಯ ಪಕ್ಷಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಹಾಗೆಂದು ಗುರುತುಗಳು ಬರಿಯ ಅಲಂಕಾರವೂ ಅಲ್ಲ. ಸಿಸಿಯ ಮೈಬಣ್ಣ ಅದಕ್ಕೆ ಸಾಕ್ಷಿ. ಮಿಥೈಲ್ ಅಂಟದಂತೆ ಮಾಡುವ ಅಜಾಸೈಟಿಡೀನ್ ಎಂಬ ಔಷಧವನ್ನು ಅಸ್ಥಿಮಜ್ಜೆಯ ಒಂದು ಬಗೆಯ ಕಾಯಿಲೆಗೆ ಬಳಸಲು ಅಮೆರಿಕ 2004ರಲ್ಲಿ ಅನುಮತಿ ಕೊಟ್ಟಿತು. ಆ ಔಷಧ ಇಂಥ ಸಾಲು, ಇಂಥ ಅಕ್ಷರ ಎಂದು ಆರಿಸಿ ಅಳಿಸುವುದಿಲ್ಲ; ಒದ್ದೆ ಬಟ್ಟೆಯಿಂದ ಇಡೀ ಹಲಗೆಯನ್ನು ಒರಸುವ ಜಾತಿಯದು. ಆದರೂ ರೋಗಿಗಳಿಗೆ ಅದರಿಂದ ಉಪಯೋಗವಿದೆ.

ಇನ್ನು ಉಳಿದದ್ದು ಅಜ್ಜಿಯ ದುಃಖ. 1944ರ ನವೆಂಬರಿನಿಂದ 1945ರ ಮೇ ವರೆಗೆ, ಜರ್ಮನ್ ಸೇನೆಯ ಹಿಡಿತದಲ್ಲಿದ್ದ ಪಶ್ಚಿಮ ಹಾಲೆಂಡಿನಲ್ಲಿ ಭೀಕರ ಕ್ಷಾಮ ಬಿತ್ತು. ಸುಮಾರು 20,000 ಜನ ಸತ್ತರು. ಆ ಹಸಿವಿನ ತಿಂಗಳುಗಳಲ್ಲಿ ಗರ್ಭದಲ್ಲಿ ಮೊಳೆತವರನ್ನು ಆರು ದಶಕಗಳ ಮೇಲೆ ಪರೀಕ್ಷಿಸಿ, ಕ್ಷಾಮ ಮುಟ್ಟದ ಅವರದೇ ಒಡಹುಟ್ಟಿದವರೊಡನೆ ಹೋಲಿಸಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಬೆಳವಣಿಗೆಗೆ ಸಂಬಂಧಿಸಿದ ಐ.ಜಿ.ಎಫ್. 2 ಎಂಬ ಜೀನಿನಲ್ಲಿ ಮಿಥೈಲ್ ಗುರುತುಗಳು ಇವರಲ್ಲಿ ಕಡಮೆ ಇದ್ದವು. ಎಷ್ಟು ಕಡಮೆ? ನೂರಕ್ಕೆ ಐದರ ಆಸುಪಾಸು. ಈ ಫಲಿತಾಂಶ ಗಂಭೀರವಾದದ್ದು, ಗೌರವಿಸತಕ್ಕದ್ದು. ಆದರೆ ಇದು ಗರ್ಭದಲ್ಲಿದ್ದವರ ಮೈಮೇಲೆ ನೇರವಾಗಿ ಬಿದ್ದ ಹಸಿವಿನ ಕಥೆ. ವಂಶದಲ್ಲಿ ಹರಿದುಬಂದ ನೆನಪಿನ ಕಥೆಯಲ್ಲ. ವ್ಯತ್ಯಾಸ ಸೂಕ್ಷ್ಮ, ಆದರೆ ಎಲ್ಲವೂ ಅದರ ಮೇಲೆ ನಿಂತಿದೆ. ಬಸುರಿಯೊಬ್ಬಳು ಉಪವಾಸ ಬಿದ್ದಾಗ ಉಪವಾಸ ಬೀಳುವುದು ಮೂರು ತಲೆಮಾರು: ಅವಳು, ಹೊಟ್ಟೆಯಲ್ಲಿರುವ ಹೆಣ್ಣುಕೂಸು, ಆ ಕೂಸಿನ ಅಂಡಾಶಯದಲ್ಲಿ ಆಗಲೇ ರೂಪುಗೊಂಡಿರುವ ತತ್ತಿ. ಮಗಳಿಗೂ ಮೊಮ್ಮಗಳಿಗೂ ತಟ್ಟಿದ್ದು ಅದೇ ಹಸಿವು. ನಿಜವಾದ ಎಪಿಜೆನೆಟಿಕ್ ಅನುವಂಶೀಯತೆ ಎಂದು ಹೇಳಬೇಕಾದರೆ ನಾಲ್ಕನೆಯ ತಲೆಮಾರಿನ ತನಕ ಕಾಯಬೇಕು.

ಕಾದರೂ ಎದುರಿಗೊಂದು ಗೋಡೆಯಿದೆ. ಸಸ್ತನಿಗಳಲ್ಲಿ ಮಿಥೈಲ್ ಗುರುತುಗಳ ಬಹುಭಾಗವನ್ನು ದೇಹವೇ ಎರಡು ಸಲ ಒರಸಿಹಾಕುತ್ತದೆ. ಭ್ರೂಣ ಮೊಳೆತ ಕೂಡಲೇ ಒಂದು ಸಲ, ಆ ಭ್ರೂಣದಲ್ಲಿ ಮುಂದಿನ ತತ್ತಿ ವೀರ್ಯಾಣುಗಳ ಕೋಶಗಳು ರೂಪುಗೊಳ್ಳುವಾಗ ಇನ್ನೊಂದು ಸಲ. ತಪ್ಪಿಸಿಕೊಂಡು ಉಳಿಯುವ ಕೆಲವಿವೆ. 2003ರಲ್ಲಿ ವಾಟರ್‌ಲ್ಯಾಂಡ್ ಮತ್ತು ಜರ್ಟಲ್ ಎಂಬವರು ಬಸುರಿ ಇಲಿಗಳಿಗೆ ಫೋಲಿಕ್ ಆಮ್ಲ, ಬಿ12 ಮೊದಲಾದವನ್ನು ಉಣಿಸಿ, ಹಳದಿಯಾಗಬೇಕಿದ್ದ ಮರಿಗಳಲ್ಲಿ ಹೆಚ್ಚಿನವು ಕಂದಾಗಿ ಹುಟ್ಟಿದ್ದನ್ನು ತೋರಿಸಿದ ಪ್ರಯೋಗ ಅಂಥದು. ಆದರೆ ಆ ಇಲಿಯ ಬಣ್ಣದ ಜೀನಿನ ಪಕ್ಕದಲ್ಲಿ ಹೊರಗಿನಿಂದ ಬಂದು ಸೇರಿದ ಡಿ.ಎನ್.ಎ. ತುಣುಕೊಂದಿದೆ, ಆಟವೆಲ್ಲ ಅದರದು. ಆ ಇಲಿಯ ಮೇಲಿಂದ ಎಲ್ಲ ಜೀನುಗಳ ಬಗ್ಗೆ ಮಾತಾಡುವುದು ಒಬ್ಬ ನೆಂಟನನ್ನು ನೋಡಿ ಊರನ್ನೇ ಅಳೆದಂತೆ. ಗಿಡಗಳ ಕಥೆ ಬೇರೆ. 1744ರಲ್ಲಿ ಲಿನೇಯಸ್ ವಿವರಿಸಿದ ವಿಚಿತ್ರ ಹೂವೊಂದುಂಟು. ಒಂದೇ ಪಕ್ಕಕ್ಕೆ ತಿರುಗಿರಬೇಕಾದ ಎಸಳುಗಳು ಸುತ್ತಲೂ ಸಮನಾಗಿದ್ದವು. ಅವನು ಅದನ್ನು ‘ಪೆಲೋರಿಯ’, ಎಂದರೆ ವಿಕಾರ ಎಂದು ಕರೆದ. 1999ರಲ್ಲಿ ಎನ್ರಿಕೊ ಕೋಯೆನ್ ಮತ್ತು ಸಂಗಡಿಗರು ಅಂಥದೇ ಹೂವನ್ನು ಪರೀಕ್ಷಿಸಿದಾಗ ಅಕ್ಷರ ಬದಲಾಗಿರಲಿಲ್ಲ. ಜೀನೊಂದರ ಮೇಲೆ ಮಿಥೈಲ್ ದಟ್ಟವಾಗಿ ಬಿದ್ದಿತ್ತು, ಮುಂದಿನ ಪೀಳಿಗೆಗೂ ಸಾಗುತ್ತಿತ್ತು. ವಂಶದಲ್ಲಿ ಹರಿಯುವ ಗುರುತಿಗೆ ಉದಾಹರಣೆ ಬೇಕೆಂದರೆ ನಾನು ಈ ಹೂವನ್ನು ಕೊಡುತ್ತೇನೆ, ಅಜ್ಜಿಯನ್ನಲ್ಲ. ಹಿಟ್ಲರನ ಹಿಂಸೆಯಿಂದ ಪಾರಾದ ಯಹೂದಿಗಳ ಮಕ್ಕಳಲ್ಲಿ ಗುರುತು ಕಂಡಿತೆಂಬ ಅಧ್ಯಯನವನ್ನು ಪತ್ರಿಕೆಗಳು ಬಹಳ ಸಂಭ್ರಮದಿಂದ ಹರಡಿದವು. ಅದರಲ್ಲಿದ್ದವರು 32 ಜನ ಹಿರಿಯರು, 22 ಜನ ಮಕ್ಕಳು. ನೋಡಿದ್ದು ರಕ್ತದ ಕೋಶಗಳನ್ನು. ಹಿಂಸೆಯನ್ನುಂಡ ತಾಯಿಯ ಕೈಯಲ್ಲಿ ಬೆಳೆದ ಮಗುವಿಗೆ ಆ ತಾಯಿಯ ಮೌನ, ಬೆಚ್ಚಿಬೀಳುವಿಕೆ, ಕಥೆಗಳು ದಾಟಿಬರುವುದಕ್ಕೆ ಮಿಥೈಲಿನ ಹಂಗು ಏಕೆ ಬೇಕೆಂಬುದೇ ನನಗೆ ತಿಳಿಯದು. ಸಾಹಿತ್ಯ ಓದಿದವರಂತೂ ಈ ಪ್ರಶ್ನೆಯನ್ನು ಕೇಳಲೇಬೇಕು.

ಅಲಂಕಾರದ ಜಗಳಕ್ಕೆ ಇಷ್ಟು ಕಾಗದವೇಕೆ ಎಂದರೆ, ಅದರ ಬೆಲೆಯನ್ನು ತೆರುವವರು ಹೆಂಗಸರು. ನಮ್ಮಲ್ಲಿ ಗರ್ಭಸಂಸ್ಕಾರದ ಹೆಸರಿನ ತರಗತಿಗಳು, ಪುಸ್ತಕಗಳು ಈಗ ಅಂಗಡಿಯಲ್ಲಿ ಸಿಕ್ಕುತ್ತವೆ; ಅಭಿಮನ್ಯುವಿನ ಪಕ್ಕದಲ್ಲಿ ಎಪಿಜೆನೆಟಿಕ್ಸ್ ಎಂಬ ಮಾತನ್ನೂ ಕೂರಿಸಿರುತ್ತಾರೆ. ಅಭಿಮನ್ಯು ಕೇಳಿಸಿಕೊಂಡದ್ದು ಮಾತನ್ನು; ಮಿಥೈಲಿಗೆ ಕಿವಿಯಿಲ್ಲ. ಮಗು ಮಂಕಾದರೆ ಬಸುರಿನಲ್ಲಿ ನೀನು ಅತ್ತದ್ದರಿಂದ, ಬೊಜ್ಜು ಬಂದರೆ ನೀನು ತಿಂದದ್ದರಿಂದ ಎಂದು ಸೊಸೆಗೆ ಹೇಳಲು ಅತ್ತೆಗೆ ಮುಂಚೆ ಗಾದೆ ಬೇಕಾಗಿತ್ತು. ಈಗ ವಿಜ್ಞಾನ ಸಿಕ್ಕಿದೆ. ಇದು ನಮ್ಮ ದೇಶಕ್ಕೇ ಮೀಸಲಾದ ರೋಗವೂ ಅಲ್ಲ. ಅಮೆರಿಕದ ಸಾರಾ ರಿಚರ್ಡ್‌ಸನ್ 2021ರಲ್ಲಿ ಬರೆದ ‘ದಿ ಮೆಟರ್ನಲ್ ಇಂಪ್ರಿಂಟ್’ ಎಂಬ ಗ್ರಂಥ, ಅಲ್ಪ ಪರಿಣಾಮಗಳ ಮೇಲೆ ದೊಡ್ಡ ಮಾತುಗಳನ್ನು ಕಟ್ಟಿ ತಾಯಂದಿರ ತಲೆಗೆ ಹೊರಿಸಿದ ಚರಿತ್ರೆಯನ್ನು ವಿವರವಾಗಿ ಬಿಡಿಸುತ್ತದೆ. ಕ್ಯಾರಿ, ಮುಖರ್ಜಿಯವರ ಜೊತೆಗೆ ಅದನ್ನೂ ಇಟ್ಟು ಓದಬೇಕು. ಇನ್ನು ಕೆಲವರು ಇದೇ ನಮ್ಮ ಕರ್ಮಸಿದ್ಧಾಂತ ಎಂದು ಹೆಮ್ಮೆಪಡುತ್ತಾರೆ. ಆ ಉಪಮೆಯಲ್ಲಿ ಸಮಾನಧರ್ಮವೇ ಇಲ್ಲ. ‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಗಾದೆಯಲ್ಲಿ ಉಣ್ಣುವವನು ಮಾಡಿದವನೇ. ತಾತ ಮಾಡಿದ್ದನ್ನು ಮೊಮ್ಮಗ ಉಂಡರೆ ಅದು ಕರ್ಮವಲ್ಲ, ಸಾಲ.

ಈ ಪುಸ್ತಕಗಳನ್ನು ಯಾರಾದರೂ ಕನ್ನಡಕ್ಕೆ ತರುವುದಾದರೆ ಅವರಲ್ಲಿ ಎರಡು ಬಿನ್ನಹ. ‘ಬರೆಯುವವರು, ಓದುವವರು’ ಎಂಬ ಪಾರಿಭಾಷಿಕಗಳನ್ನು ‘ಅಂಟಿಸುವ ಕಿಣ್ವ, ಹಿಡಿಯುವ ಪ್ರೋಟೀನು’ ಎಂದು ತರಬಹುದು. ಕನ್ನಡದಲ್ಲಿ ‘ಬರೆದದ್ದು’ ಎಂದರೆ ಹಣೆಯಲ್ಲಿ ಬರೆದದ್ದು ಎಂಬ ಅರ್ಥ ಕೇಳದೆಯೇ ಬಂದು ಕೂರುತ್ತದೆ. ಎರಡನೆಯದು, ವ್ಯಾಡಿಂಗ್ಟನ್ನನ ಬೆಟ್ಟದ ಚಿತ್ರವನ್ನು ಹಾಕುವಲ್ಲಿ ಅದರ ಎದುರು ಪುಟದಲ್ಲಿಯೇ, ಅಷ್ಟೇ ದೊಡ್ಡದಾಗಿ, ಗೂಟ ಹಗ್ಗಗಳ ಚಿತ್ರವನ್ನೂ ಅಚ್ಚುಹಾಕಿಸಬೇಕು.